ಉಪಸರ್ಗಕಾಲದಲ್ಲಿ ಶ್ರಾವಕನ ವ್ರತ

ಕ್ರಿ.ಶ. 1993ರ ಸೆಪ್ಟೆಂಬರ್ 29 ಭಾದ್ರಪದ ಶುಕ್ಲ ಚತುರ್ದಶಿಯಾಗಿತ್ತು. ದಶಲಕ್ಷಣ ಪರ್ವದ ಕಡೆಯ ದಿನ, ಅನಂತ ನೋಂಪಿಯ ದಿನ. ಉತ್ತಮ ಬ್ರಹ್ಮಚರ್ಯದ ಪೂಜೆಯನ್ನು ಪೂರೈಸಿ ಉಪವಾಸವಿದ್ದ ಶ್ರಾವಕ ಶ್ರಾವಿಕೆಯರು ಮರುದಿನದ ಪಾರಣೆಯನ್ನು ಎದುರುನೋಡುತ್ತಿದ್ದ ರಾತ್ರಿಯದು. ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಕರ್ನಾಟಕದ ಗಡಿಗೆ ಸಮೀಪದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಣ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಮಡಿದರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಗಳೇ: ಕೆಸರುಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ದಪ್ಪ ಗೋಡೆಗಳು, ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ.

ಕಿಲ್ಲಾರಿಯು ದಾವಣಗೆರೆಗೆ ಸುಮಾರು 400 ಕಿಲೋಮೀಟರು ದೂರ. ಆದರೆ ಮಾಳಿಗೆಮನೆ ಈ ಸೀಮೆಗೆ ಅಪರಿಚಿತವಲ್ಲ. 1843ರ ಏಪ್ರಿಲ್ 1ರಂದು ನೆರೆಯ ಬಳ್ಳಾರಿಯ ಕಡೆಯಲ್ಲಿಯೇ ಭೂಮಿ ಕಂಪಿಸಿದ್ದುಂಟು. ಹರಿಹರಕ್ಕಂತೂ ನೀರಿನ ಭಯ ಹಳೆಯದು. ಮಲೆನಾಡಿನಲ್ಲಿ ಮಳೆ ಮಿತಿಮೀರಿ, ಗಾಜನೂರಿನಿಂದಲೂ ಲಕ್ಕವಳ್ಳಿಯಿಂದಲೂ ನೀರು ಬಿಟ್ಟಾಗ, ಕೂಡಲಿಯಲ್ಲಿ ಒಂದಾದ ತುಂಗಭದ್ರೆಯು ಊರಿನ ತಗ್ಗಿನ ಮನೆಗಳನ್ನು ಹೊಗುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಹಾಗೆಯೇ ಆಯಿತು. ಈ ಪ್ರವಾಹದ ತಿಂಗಳುಗಳೇ ಚಾತುರ್ಮಾಸದ, ಎಂದರೆ ವ್ರತೋಪವಾಸಗಳ ತಿಂಗಳುಗಳೂ ಆಗಿವೆ. ಆದಕಾರಣ, ಉಪವಾಸದಲ್ಲಿರುವವನು, ಸಾಮಾಯಿಕಕ್ಕೆ ಕುಳಿತವನು, ಈ ರಾತ್ರಿ ಮನೆಯ ಹೊಸ್ತಿಲು ದಾಟೆನೆಂದು ದೇಶವ್ರತ ಕೈಕೊಂಡವನು, ಗೋಡೆ ಅಲುಗಿದಾಗ ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯದಲ್ಲ.

ವ್ರತಿಕನಿಗೆ ಯಾವ ಕೇಡೂ ತಟ್ಟದೆಂದು ಕೆಲವರು ನಂಬುವರು. ಆಗಮದಲ್ಲಿ ಅದಕ್ಕೆ ಆಧಾರವಿಲ್ಲ. ಭಗವಾನ್ ಪಾರ್ಶ್ವನಾಥರಿಗೇ ಉಪಸರ್ಗ ಬಂದಿತು. ದೇವ, ಮನುಷ್ಯ, ತಿರ್ಯಂಚರು ಮಾಡುವ ಉಪಸರ್ಗಗಳೊಡನೆ ಅಚೇತನದಿಂದ ಒದಗುವ ಉಪಸರ್ಗವನ್ನೂ ಶಾಸ್ತ್ರವು ಎಣಿಸಿದೆ; ಬೀಳುವ ಗೋಡೆ, ಏರುವ ನೀರು ಈ ವರ್ಗದವು. ಇನ್ನು ಕೆಲವರು, ಸತ್ತವರ ಕರ್ಮ ಹಾಗಿತ್ತು, ಆಯುಷ್ಯ ಮುಗಿದಿತ್ತು ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುವರು. ಇದು ಮೇಲಿನದಕ್ಕಿಂತ ಕಠಿನವಾದ ತಪ್ಪು. ದೇವನಾರಕರು, ಚರಮದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು, ಇವರ ಆಯುಷ್ಯ ಮಾತ್ರ ನಡುವೆ ಕಡಿಯಲಾರದೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಹೇಳುತ್ತದೆ. ಉಳಿದವರ ಆಯುಷ್ಯವು ಬಾಹ್ಯನಿಮಿತ್ತದಿಂದ ಕಡಿಯಬಲ್ಲುದು. ಅದಕ್ಕೇ ಕದಳೀಘಾತಮರಣವೆಂಬ ಹೆಸರು. ಕಡಿದ ಬಾಳೆಯ ಗಿಡದಂತೆ ಒಮ್ಮೆಲೇ ಉರುಳುವ ಮರಣವದು. ನಿಮಿತ್ತಕ್ಕೆ ಬಲವಿರುವುದರಿಂದಲೇ ಎಚ್ಚರಿಕೆಗೆ ಅರ್ಥವಿದೆ.

ಸಾಮಾಯಿಕದಲ್ಲಿರುವವನು ಉಪಸರ್ಗವನ್ನು ಮೌನದಿಂದ ಅಚಲನಾಗಿ ಸಹಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿರುವರಲ್ಲಾ ಎಂದು ಕೇಳಬಹುದು. ಹೇಳಿರುವುದು ನಿಜ, ಆ ಮಾತನ್ನು ಸಡಿಲಿಸಬೇಕಾಗಿಲ್ಲ. ಆದರೆ ಅದೇ ಗ್ರಂಥದಲ್ಲಿ ದೇಹತ್ಯಾಗದ ಮಾತು ಬಂದಾಗ, ಉಪಸರ್ಗವು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವೇ ಇಲ್ಲದ್ದಾಗಿರಬೇಕು, ಎಂಬ ನಿಬಂಧನೆಯನ್ನೂ ಅವರೇ ಇಟ್ಟಿರುವರು. ಬಾಗಿಲು ತೆರೆದಿರುವಾಗ, ಬಯಲು ಹತ್ತು ಹೆಜ್ಜೆಯಲ್ಲಿರುವಾಗ ಪರಿಹಾರವಿಲ್ಲವೆನ್ನುವುದು ಹೇಗೆ? ಅದರಲ್ಲಿಯೂ ಗೃಹಸ್ಥನು ಒಬ್ಬಂಟಿಗನಲ್ಲ. ಒಳಗೆ ಮಗು ಮಲಗಿದೆ, ನಿರ್ಜಲ ಉಪವಾಸದಿಂದ ನಿತ್ರಾಣಳಾದ ಮುದಿತಾಯಿ ಇದ್ದಾಳೆ. ಅವರನ್ನು ಅಲ್ಲಿಯೇ ಬಿಟ್ಟು ಜಪಸರವನ್ನು ಎಣಿಸುತ್ತಿರುವುದು ಅಚಲತೆಯಲ್ಲ, ಪ್ರಮಾದ. ಪ್ರಮಾದಯೋಗದಿಂದ ಪ್ರಾಣಹಾನಿಯಾಗುವುದನ್ನೇ ಹಿಂಸೆಯೆಂದು ಸೂತ್ರಕಾರರು ಲಕ್ಷಣ ಹೇಳಿದ್ದಾರೆ.

ಇಲ್ಲಿ ವಿಷ್ಣುಕುಮಾರ ಮುನಿಗಳ ಕಥೆಯನ್ನು ನೆನೆಯಬೇಕು. ಹಸ್ತಿನಾಪುರದಲ್ಲಿ ಅಕಂಪನಾಚಾರ್ಯರು ಮೊದಲಾದ ಏಳುನೂರು ಮುನಿಗಳನ್ನು ಬಲಿಯು ಬೆಂಕಿಹೊಗೆಗಳಿಂದ ಸುತ್ತುಗಟ್ಟಿದನು. ಆ ಮುನಿಗಳು ಅಲುಗದೆ ನಿಂತರು. ಅದು ಅವರ ಧರ್ಮ. ದೂರದಲ್ಲಿದ್ದ ವಿಷ್ಣುಕುಮಾರರು ಮಾತ್ರ ತಮ್ಮ ಧ್ಯಾನದಲ್ಲಿಯೇ ಉಳಿಯಲಿಲ್ಲ. ಮುನಿವೇಷವನ್ನು ಬದಿಗಿಟ್ಟು, ವಾಮನರೂಪದಿಂದ ಹೋಗಿ, ಮೂರು ಹೆಜ್ಜೆ ನೆಲವನ್ನು ಬೇಡಿ, ಉಪಸರ್ಗವನ್ನು ನಿವಾರಿಸಿದರು. ಅನಂತರ ಪ್ರಾಯಶ್ಚಿತ್ತವನ್ನು ಕೈಕೊಂಡು ಮತ್ತೆ ವ್ರತದಲ್ಲಿ ನಿಂತರು. ಮಹಾವ್ರತಿಯೇ ಪರರ ಪ್ರಾಣಕ್ಕಾಗಿ ಹೀಗೆ ನಡೆದಿರುವಾಗ, ಅಣುವ್ರತಿಯು ಹೊಸ್ತಿಲು ದಾಟಲು ಹಿಂಜರಿಯುವುದೇಕೆ? ಹೊಗೆಯಿಂದ ಕಂಠ ಬೆಂದ ಆ ಮುನಿಗಳಿಗೆ ಊರಿನ ಶ್ರಾವಕರು ಮೃದುವಾದ ಆಹಾರವನ್ನೇ ಅಣಿಮಾಡಿ ಕೊಟ್ಟರೆಂಬುದನ್ನು ಕಥೆ ಕೇಳುವವರು ಅಷ್ಟಾಗಿ ಗಮನಿಸುವುದಿಲ್ಲ. ನೆರೆಯ ನೀರಿನಲ್ಲಿ ಮನೆ ಕಳೆದುಕೊಂಡವರಿಗೆ ನೆರವು ನೀಡುವಾಗ ಅದನ್ನು ನೆನೆದರೆ ಒಳ್ಳೆಯದು.

ಹೊರಬರಲು ದಾರಿಯೇ ಇಲ್ಲದೆ ಕಲ್ಲುಮಣ್ಣಿನಡಿಯಲ್ಲಿ ಸಿಲುಕಿದವನ ವಿಷಯ ಬೇರೆ. ಅವನಿಗೆ ಆಹಾರವಿಲ್ಲ, ನೀರಿಲ್ಲ, ಬೆಳಕಿಲ್ಲ. ಇಂತಹ ಆಕಸ್ಮಿಕಕ್ಕೆಂದೇ ಮೂಲಾಚಾರದಲ್ಲಿ ಸಂಕ್ಷೇಪ ಪ್ರತ್ಯಾಖ್ಯಾನದ ವಿಧಿಯುಂಟು. ಈ ಆಪತ್ತಿನಲ್ಲಿ ಪ್ರಾಣ ಹೋದರೆ ಸರ್ವತ್ಯಾಗ, ಪಾರಾದರೆ ಪಾರಣೆ, ಎಂಬುದು ಅದರ ತಾತ್ಪರ್ಯ. ಮುನಿಗಳಿಗಾಗಿ ಹೇಳಿದ್ದಾದರೂ ಶ್ರಾವಕನು ಇದನ್ನು ತನ್ನ ಶಕ್ತ್ಯನುಸಾರ ಮನಸ್ಸಿನಲ್ಲಿ ತಂದುಕೊಳ್ಳಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಹಸಿವು ಬಾಯಾರಿಕೆಗಳನ್ನು ಸಮಭಾವದಿಂದ ಸಹಿಸಿದವನಿಗೆ ಆ ಕತ್ತಲೆಯಲ್ಲಿ ಪಂಚನಮಸ್ಕಾರವು ನಾಲಗೆಗೆ ಬರುವುದು ಸುಲಭ. ಹಾಗೆಂದು ಕೂಗಿ ಕರೆಯುವುದನ್ನಾಗಲಿ, ಕಲ್ಲು ಬಡಿದು ಸದ್ದು ಮಾಡುವುದನ್ನಾಗಲಿ ಬಿಡಬಾರದು. ಪರಿಹಾರದ ದಾರಿ ಇರುವವರೆಗೂ ಆಪತ್ತು ನಿಷ್ಪ್ರತೀಕಾರವಲ್ಲ.

ಚಾತುರ್ಮಾಸಕ್ಕೆ ಮೊದಲು ಮನೆಗಳಲ್ಲಿ ಆಗಬೇಕಾದ ಕೆಲಸ ಕೆಲವಿದೆ. ಬಿರುಕುಬಿಟ್ಟ ಗೋಡೆಯನ್ನು ಸರಿಪಡಿಸುವುದು, ಮಾಳಿಗೆಯ ಮೇಲೆ ವರ್ಷವರ್ಷವೂ ಏರಿದ ಮಣ್ಣನ್ನು ಇಳಿಸುವುದು, ಉಪವಾಸವಿರುವ ವೃದ್ಧರನ್ನು ಬಾಗಿಲಿಗೆ ಹತ್ತಿರ ಮಲಗಿಸುವುದು. ದೇಶವ್ರತವನ್ನು ಕೈಕೊಳ್ಳುವಾಗಲೇ, ಪ್ರಾಣಾಪಾಯವೊದಗಿದರೆ ಹೊರಗೆ ಹೋಗುವೆನೆಂದು ಗುರುಸಾಕ್ಷಿಯಾಗಿ ಹೇಳಿಕೊಂಡಿರುವುದು ಲೇಸು. ಹಾಗೆ ಹೇಳಿಕೊಳ್ಳದೆ ಹೊಸ್ತಿಲು ದಾಟಿದವನು ಗುರುಗಳಲ್ಲಿ ನಡೆದದ್ದನ್ನು ನಿವೇದಿಸಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಆಚರಿಸಿ, ಮುಂದಿನ ಅಷ್ಟಮಿಯಿಂದ ವ್ರತವನ್ನು ಮುಂದುವರಿಸತಕ್ಕದ್ದು.