ಕೋಡಂಗಿ ಯಾರು?

"ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕೊಟ್ಟವನು ಅಲೆಯುತ್ತಾನೆ, ಇಸಗೊಂಡವನು ಮೀಸೆ ತಿರುವುತ್ತಾನೆ ಎಂಬ ನಗೆಮಾತು ಅದು. ಬರೀ ನಗೆಮಾತಾಗಿದ್ದರೆ ಚಿಂತೆಯಿರಲಿಲ್ಲ. ಮೋಸಹೋದವರನ್ನು ಕಂಡಾಗ ನಾವು ಅದನ್ನೇ ತೀರ್ಪಿನಂತೆ ಹೇಳಿಬಿಡುತ್ತೇವೆ. ಅದರ ಬೆನ್ನಿಗೇ "ಅತಿ ಆಸೆ ಗತಿಕೇಡು" ಎಂಬ ಇನ್ನೊಂದು ಗಾದೆಯೂ ಸಿದ್ಧವಾಗಿರುತ್ತದೆ. ಮೋಸ ಮಾಡಿದವನಿಗೊಂದು ಗಾದೆ ಹುಡುಕಲು ಮಾತ್ರ ನಮಗೆ ಅಷ್ಟು ಅವಸರವಿರುವುದಿಲ್ಲ. ಹಾಗಾದರೆ ಮೋಸಹೋಗುವುದೂ ಒಂದು ತಪ್ಪೇ? ತಪ್ಪಾದರೆ ಅದು ಎಷ್ಟು ತಪ್ಪು?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಕುಷ್ಟಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುವ ಹೆಣ್ಣುಮಗಳು ಆಕೆ. ಕೈಯಲ್ಲಿ ರುಚಿಯಿದೆ, ಮಾತಿನಲ್ಲಿ ನಯವಿದೆ. ನಾಲ್ಕು ಓಣಿಗಳಾಚೆಗೂ ವ್ಯಾಪಾರ ಹಬ್ಬಿಸಬೇಕೆಂಬ ಹಂಬಲವಿತ್ತು. ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. "ಮನೆಯಲ್ಲೇ ಕುಳಿತು ತಿಂಗಳಿಗೆ ಲಕ್ಷ ರೂಪಾಯಿ. ಮೂರು ದಿನದ ತರಗತಿ, ಶುಲ್ಕ ಕೇವಲ 99 ರೂಪಾಯಿ." ಮೂರು ಸಂಜೆ ಕೋಟು ತೊಟ್ಟವನೊಬ್ಬ ಚೆಂದದ ಕನ್ನಡದಲ್ಲಿ ಮಾತಾಡಿದ. ತಾನು ಉಂಡ ಬಡತನ ಹೇಳಿದ, ತನ್ನ ಕಾರು ತೋರಿಸಿದ. ಮೂರನೆಯ ಸಂಜೆ, ನಿಜವಾದ ವಿದ್ಯೆ ಇನ್ನೂ ಮುಂದಿದೆ, ಅದಕ್ಕೆ 15,000 ರೂಪಾಯಿ, ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ ರಿಯಾಯಿತಿ ಎಂದ. ಆಕೆ ಕಟ್ಟಿದಳು. ಅದು ಮುಗಿಯುತ್ತಲೇ ಅದರ ಮೇಲಿನ ಮೆಟ್ಟಿಲು ಬಂತು, 60,000 ರೂಪಾಯಿಯದು. ಸಂಘದಲ್ಲಿ ಸಾಲ ತೆಗೆದು ಅದನ್ನೂ ಕಟ್ಟಿದಳು.

ಕಲಿಸಿದ್ದೇನು? ಬೆಳಿಗ್ಗೆ ಐದಕ್ಕೆ ಏಳುವುದು, ಕನಸುಗಳನ್ನು ನೋಟುಬುಕ್ಕಿನಲ್ಲಿ ಬರೆಯುವುದು, ಕನ್ನಡಿಯ ಮುಂದೆ ನಿಂತು ನಾನು ಗೆಲ್ಲುತ್ತೇನೆ ಎನ್ನುವುದು. ಬೆಳಿಗ್ಗೆ ಐದಕ್ಕೆ ಏಳುವುದನ್ನು ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಹಣ ಇಸಗೊಂಡು ಕಲಿಸಿದ ಭೂಪ ಅವನು! ಹಿಂಡಿ ಕೆಡದಂತೆ ಯಾವ ಪೊಟ್ಟಣದಲ್ಲಿ ಕಟ್ಟಬೇಕು, ಆಹಾರ ಇಲಾಖೆಯ ನೋಂದಣಿ ಹೇಗೆ, ದೂರದ ಊರಿಗೆ ಕಳಿಸಲು ಎಷ್ಟು ಖರ್ಚು ಎಂದು ಆಕೆ ಕೇಳಿದರೆ, "ಮೊದಲು ನಿಮ್ಮ ಮನಸ್ಥಿತಿ ಬದಲಾಗಬೇಕು ಮೇಡಂ" ಎಂಬ ಉತ್ತರ. ವ್ಯಾಪಾರ ಒಂದು ರೊಟ್ಟಿಯಷ್ಟೂ ಹೆಚ್ಚಲಿಲ್ಲ.

ಇದು ನಮ್ಮ ಊರಲ್ಲೇ ಹುಟ್ಟಿದ ವಿದ್ಯೆಯೇನೂ ಅಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ 'ಮೈ ಆನ್‌ಲೈನ್ ಬಿಸಿನೆಸ್ ಎಜುಕೇಶನ್' ಎಂಬ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ಅಲ್ಲಿಯೂ ಬಾಗಿಲ ಶುಲ್ಕ ಚಿಕ್ಕದು, 49 ಡಾಲರು. ಒಳಗೆ 21 ಮೆಟ್ಟಿಲುಗಳ ಪಾಠ. ಮುಂದೆ ಹೋದಂತೆ ಸಾವಿರಾರು ಡಾಲರುಗಳ ಸದಸ್ಯತ್ವ. ಹೀಗೆ ಸಾವಿರಾರು ಜನರಿಂದ 12.5 ಕೋಟಿ ಡಾಲರಿಗೂ ಹೆಚ್ಚು ಹಣ ಕಿತ್ತರೆಂಬುದು ಕಮಿಷನ್ನಿನ ಆರೋಪ. ಅಲ್ಲಿ ಹೇಳಿಕೊಟ್ಟ 'ವ್ಯಾಪಾರ' ಯಾವುದು ಗೊತ್ತೇ? ಅದೇ ಸದಸ್ಯತ್ವವನ್ನು ಇನ್ನೊಬ್ಬರಿಗೆ ಮಾರಿ ಕಮಿಷನ್ ಪಡೆಯುವುದು! ಓದಿದವರು, ಕಾನೂನು ಬಲವಾಗಿರುವ ದೇಶದವರು ಬಿದ್ದ ಹಳ್ಳ ಅದು. ನಮ್ಮ ಕುಷ್ಟಗಿಯ ಹೆಣ್ಣುಮಗಳು ದಡ್ಡಿ ಎನ್ನುವ ಮೊದಲು ಇದನ್ನು ನೆನೆಯಬೇಕು.

ದಡ್ಡತನವಲ್ಲದಿದ್ದರೆ ಆಸೆಬುರುಕತನವೇ? ನಾನು ಇದನ್ನೂ ಒಪ್ಪಲಾರೆ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯಿದೆ, ಭತ್ತವಿದೆ, ಅಕ್ಕಿಯ ಗಿರಣಿಗಳಿವೆ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಬಹುಪಾಲು ಜನ ನೋಡುವುದು ಮುಗಿಲನ್ನು. ಮಳೆ ಕೈಕೊಟ್ಟ ವರ್ಷ ಬೀಗ ಹಾಕಿ ಗುಳೆ ಹೋದ ಮನೆಗಳನ್ನು, ನಡುವರ್ಷ ಖಾಲಿಯಾದ ಬೆಂಚುಗಳನ್ನು ನಾನು ಕಂಡಿದ್ದೇನೆ. ಅಂಥ ಊರಲ್ಲಿ ತಿಂಗಳಿಗಿಷ್ಟು ಎಂದು ಬರುವ ದುಡಿಮೆ ತನ್ನ ಕೈಯಲ್ಲಿರಲಿ ಎಂದು ಹೆಣ್ಣುಮಗಳೊಬ್ಬಳು ಬಯಸಿದರೆ ಅದು ದುರಾಸೆಯೇ? ವರ್ಷಕ್ಕೊಮ್ಮೆ ಬಡ್ತಿ ವೇತನ ತಡವಾದರೆ ಶಿಕ್ಷಕರ ಕೊಠಡಿಯಲ್ಲಿ ನಾವು ಎಬ್ಬಿಸುವ ಗದ್ದಲವನ್ನು ಯಾರೂ ದುರಾಸೆ ಎನ್ನುವುದಿಲ್ಲ!

ಮೋಸಗಾರ ಗಾಳ ಹಾಕುವುದು ನಮ್ಮ ಕೆಟ್ಟತನಕ್ಕೇ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ಅವನು ಗಾಳ ಹಾಕುವುದು ನಮ್ಮ ಒಳ್ಳೆಯತನಕ್ಕೆ. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯ ಮಾಲೀಕ ದುಬೈಗೆ ಓಡಿಹೋದಾಗ ಹಣ ಕಳೆದುಕೊಂಡವರಲ್ಲಿ ಬಡ್ಡಿ ತಿನ್ನುವುದು ಧರ್ಮಕ್ಕೆ ವಿರುದ್ಧವೆಂದು ನಂಬಿದ ಮುಸ್ಲಿಂ ಕುಟುಂಬಗಳು ಬಹಳವಿದ್ದವು. ಬಡ್ಡಿ ಬೇಡವೆಂದವರ ನೇಮವೇ ಅಲ್ಲಿ ಗಾಳವಾಯಿತು. ನನ್ನ ವಿದ್ಯಾರ್ಥಿನಿಯ ವಿಷಯದಲ್ಲಿ ಗಾಳವಾದದ್ದು ಗುರು ಎಂಬವರ ಮೇಲಿನ ಭಕ್ತಿ. ಆಕೆ ನನ್ನ ಮುಂದೆ ಕುಳಿತು ಹೇಳಿದ ಮೊದಲ ಮಾತು ಇದು: "ನಂದ ತಪ್ಪು ಬಿಡ್ರಿ ಅಕ್ಕೋರ. ಅವ್ರು ಚಲೋನ ಕಲಿಸಿದ್ರು. ನನಗ ಮಾಡಾಕ ಬರಲಿಲ್ಲ."

ಹಣ ಹೋದದ್ದಕ್ಕಿಂತ ಈ ಮಾತು ನನಗೆ ಹೆಚ್ಚು ಸಂಕಟ ಕೊಟ್ಟಿತು. ಗೆದ್ದರೆ ಗುರುವಿನ ಹಿರಿಮೆ, ಸೋತರೆ ಶಿಷ್ಯೆಯ ಮನಸ್ಥಿತಿ ಸರಿಯಿಲ್ಲ ಎಂಬ ಪಾಠವನ್ನಷ್ಟೇ ಆತ ಚೆನ್ನಾಗಿ ಕಲಿಸಿದ್ದ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆ ಬಂದರೆ ಇಲಾಖೆ ಮೊದಲು ಕಾರಣ ಕೇಳುವುದು ನಮ್ಮಂಥ ಶಿಕ್ಷಕರನ್ನು. ನಮಗೆ ಅದು ಮುಜುಗರವೇ. ಆದರೂ ಅದರಲ್ಲಿ ಒಂದು ನ್ಯಾಯವಿದೆ. ಶಿಷ್ಯರ ಸೋಲಿನಲ್ಲಿ ಪಾಲು ತೆಗೆದುಕೊಳ್ಳದವನು ಗುರುವಲ್ಲ. ಅವನು ಪಾಠವೆಂಬ ಸರಕಿನ ವ್ಯಾಪಾರಿ.

ನಮ್ಮ ಜಿಲ್ಲೆಯಲ್ಲೇ ವ್ಯಾಪಾರ, ಕಸಬು ಕಲಿಸುವವರು ಇಲ್ಲವೇ? ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಮಕ್ಕಳು ಹಗುರ ಕಟ್ಟಿಗೆ ಕೆತ್ತುವುದನ್ನು, ಬಣ್ಣ ಹಚ್ಚುವುದನ್ನು ಹಿರಿಯರ ಮಗ್ಗುಲಲ್ಲಿ ಕುಳಿತು ಕಲಿಯುತ್ತಾರೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನ ಉದ್ಯಮವಿದೆ, ಅಲ್ಲಿ ಹೆಣ್ಣುಮಕ್ಕಳು ಕೂದಲನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವುದನ್ನು ಒಬ್ಬರಿಂದ ಒಬ್ಬರು ಕಲಿತಿದ್ದಾರೆ. ಕಿನ್ನಾಳದವರು ಬದುಕುವುದು ಗೊಂಬೆ ಮಾರಿ. ಭಾಗ್ಯನಗರದವರು ಕೂದಲು ಮಾರಿ. ಕಲಿಸುವುದು ಆ ಕೆಲಸದ ಒಂದು ಭಾಗ. ಆದ್ದರಿಂದ ವ್ಯಾಪಾರ ಕಲಿಸುತ್ತೇನೆಂದು ಬಂದವನಿಗೆ ಹೆಣ್ಣುಮಕ್ಕಳು ಕೇಳಬೇಕಾದ ಪ್ರಶ್ನೆ ಒಂದೇ: "ಅಪ್ಪಾ, ಕಲಿಸೋದ ಬಿಟ್ಟು ನೀ ಮಾಡೋ ವ್ಯಾಪಾರ ಯಾವುದು?"

ಇಷ್ಟು ಹೇಳಿ ಆಕೆ ಪೂರ್ತಿ ನಿರಪರಾಧಿ ಎಂದು ಮುಗಿಸಿದ್ದರೆ ನನಗೂ ಹಗುರಾಗುತ್ತಿತ್ತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಇಬ್ಬರನ್ನು ಸೇರಿಸಿದರೆ ಹಾಕಿದ ದುಡ್ಡು ತಿರುಗಿ ಬರುತ್ತದೆ ಎಂದು ಅವರು ಹೇಳಿದ್ದರು. ಆಕೆ ತನ್ನ ಓರಗಿತ್ತಿಯನ್ನು, ಸಂಘದ ಗೆಳತಿಯೊಬ್ಬಳನ್ನು ಸೇರಿಸಿದಳು. ಇಬ್ಬರೂ ತಲಾ 15,000 ಕಟ್ಟಿದರು. ಈಕೆಗೆ 6,000 ರೂಪಾಯಿ ಕಮಿಷನ್ ಬಂತು. ಆ ಹೊತ್ತಿಗೆ ತನಗೇನೂ ಪ್ರಯೋಜನವಾಗಿಲ್ಲ ಎಂಬುದು ಆಕೆಗೆ ತಿಳಿದಿತ್ತು.

ಇಲ್ಲಿ ನಾನು ಆಕೆಯ ಕಡೆಗೆ ಪೂರ್ತಿ ವಾಲಲಾರೆ. ಮೋಸಹೋಗುವುದು ತಪ್ಪಲ್ಲ. ಆದರೆ ನಾನು ಬಿದ್ದ ಹಳ್ಳವನ್ನು ತಿಳಿದೂ ಇನ್ನೊಬ್ಬಳಿಗೆ ದಾರಿಯೆಂದು ತೋರಿಸಿದರೆ ಅದಕ್ಕೆ ನಾನು ಉತ್ತರ ಹೇಳಬೇಕಾಗುತ್ತದೆ. ಈ ದಂಧೆಯ ಅತ್ಯಂತ ಕ್ರೂರ ಗುಣವೇ ಇದು. ಹಣದ ಜೊತೆಗೆ ಮೋಸಹೋದವರ ನಿರಪರಾಧಿತನವನ್ನೂ ಕಿತ್ತುಕೊಳ್ಳುತ್ತದೆ. ಆಮೇಲೆ ಬಾಯಿ ತೆರೆಯಲು ಅವರಿಗೆ ಮುಖವೇ ಉಳಿಯುವುದಿಲ್ಲ.

"ಆ ಆರು ಸಾವಿರ ನಿನ್ನದಲ್ಲವ್ವಾ" ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. "ಹೌದ್ರಿ ಅಕ್ಕೋರ, ಅದು ನನಗೂ ಗೊತ್ತೈತಿ" ಎಂದಳು. ರೊಟ್ಟಿ ಮಾರಿದ ದುಡ್ಡಿನಲ್ಲಿ ತಿಂಗಳಿಗಿಷ್ಟು ಎಂದು ಇಬ್ಬರಿಗೂ ಹಿಂದಿರುಗಿಸತೊಡಗಿದಳು. ಗೆಳತಿ ತೆಗೆದುಕೊಂಡಳು, ಈಗ ಇಬ್ಬರೂ ಕೂಡಿ ರೊಟ್ಟಿ ಬಡಿಯುತ್ತಾರೆ. ಓರಗಿತ್ತಿ ಹಣ ಮುಟ್ಟಲಿಲ್ಲ, ಮಾತೂ ಬಿಟ್ಟಿದ್ದಾಳೆ. ಹಿಂದಿರುಗಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಾನು ಆಕೆಗೆ ಮಾತು ಕೊಟ್ಟಿರಲಿಲ್ಲ. ಋಣ ತೀರಿಸುವುದು ನಮ್ಮ ಕೈಯಲ್ಲಿದೆ, ಕ್ಷಮಿಸುವುದು ಎದುರಿನವರ ಕೈಯಲ್ಲಿದೆ.

ಇನ್ನು ದೊಡ್ಡ ಋಣಗಾರನ ಮಾತು. ಸದಸ್ಯರನ್ನು ಸೇರಿಸಿ ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1978ರಿಂದಲೇ ಇದೆ. 2021ರ ನೇರ ಮಾರಾಟ ನಿಯಮಗಳೂ ಇಂಥ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಮೊಬೈಲಿನ ಮೂಲಕ ಹಣ ಹೋದ ಕೂಡಲೇ 1930ಕ್ಕೆ ಫೋನು ಮಾಡಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ಗ್ರಾಹಕರ ದೂರಿಗೆ 1915 ಎಂಬ ಸಹಾಯವಾಣಿಯಿದೆ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು. ರಶೀದಿ, ಸಂದೇಶ, ಜಾಹೀರಾತು ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬಾರದು.

ಆದರೆ ದೂರು ಕೊಡಲು ಮೊದಲು ಬಾಯಿ ತೆರೆಯಬೇಕಲ್ಲ? ಗಂಡ ಏನಂದಾನು, ಸಂಘದವರು ಏನಂದಾರು ಎಂದು ನನ್ನ ವಿದ್ಯಾರ್ಥಿನಿ ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಆ ಏಳು ತಿಂಗಳೂ ಕೋಟು ತೊಟ್ಟವನ ತರಗತಿ ನಡೆದೇ ಇತ್ತು. ಹೆಣ್ಣುಮಕ್ಕಳ ನಾಚಿಕೆಯೇ ಅವನ ಬಂಡವಾಳ. ಅದನ್ನು ಅವನಿಗೆ ಒದಗಿಸುವವರು ಗಾದೆ ಹೇಳಿ ನಗುವ ನಾವೇ. ನಾಳೆ ನಿಮ್ಮ ಓಣಿಯ ಯಾವಳಾದರೂ ತಲೆ ತಗ್ಗಿಸಿ ಬಂದು ಹೀಗಾಯಿತು ಎಂದರೆ, "ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?" ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಆಕೆ ತನಗೆ ತಾನೇ ನೂರು ಸಲ ಕೇಳಿಕೊಂಡಿರುತ್ತಾಳೆ. ಒಂದು ಬಟ್ಟಲು ಚಹಾ ಕೊಟ್ಟು, "ರಶೀದಿ ಇಟ್ಟೀ ಏನವ್ವಾ?" ಎಂದು ಕೇಳಿ.