ಭಯವೂ ಸಖ್ಯವೂ

ಮಧುಗಿರಿಯ ಏಕಶಿಲೆಯ ಬೆಟ್ಟವನ್ನೇರುವವನಿಗೆ ಸಂಗಡಿಗನ ಕೈ ಆಸರೆಯಾದರೆ, ಬೆಟ್ಟದ ಕಡಿದಾದ ಏರು ತಗ್ಗದು. ತಗ್ಗುವುದು ಏರುವವನ ಅಂಜಿಕೆ. ಆಪತ್ತು ಬೇರೆ, ಅದರ ಭಯ ಬೇರೆ. ಭಯಕ್ಕೆ ಒಂಟಿತನವೇ ಬಲವು.

ಮಂಗಳೂರಿನ ಬ್ರಾಹ್ಮಣ ಯುವಕರಾದ ಆನಂದರಾಯ ಕೌಂಡಿನ್ಯರು 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರು ಕೆರಳಿತು, ಬಂಧುವರ್ಗವು ದೂರವಾಯಿತು. ಗುರುವೂ ಗೆಳೆಯರೂ ಆದ ಹೆರ್ಮನ್ ಮೋಗ್ಲಿಂಗರು ಆ ನಷ್ಟವನ್ನು ತುಂಬಲಾರದೆ ಹೋದರೂ ಸಂಗಡ ನಿಂತರು. ಕೌಂಡಿನ್ಯರ ಹೆಸರಿನೊಡನೆ ಹೆರ್ಮನ್ ಎಂಬುದೂ ಸೇರಿತು.

ಆದರೆ ಮಾನವಸ್ನೇಹಕ್ಕೆ ಎಲ್ಲೆಯುಂಟು. ಗೆತ್ಸೆಮನೆಯ ತೋಟದಲ್ಲಿ ಯೇಸುವು ವ್ಯಾಕುಲನಾಗಿ, ಎಚ್ಚರವಾಗಿರಬೇಕೆಂದು ಕೇಳಿಕೊಂಡರೂ ಆಪ್ತಶಿಷ್ಯರು ನಿದ್ರಿಸಿದರು. ಆಗ ಆತನು ತಂದೆಯನ್ನು ಪ್ರಾರ್ಥಿಸಿದನು; ಸಂಕಟವು ತೊಲಗಲಿಲ್ಲ, ಅದನ್ನು ಎದುರುಗೊಳ್ಳುವ ಧೈರ್ಯವು ಬಂದಿತು. ನಿದ್ರಿಸದ ಸಖನಲ್ಲಿಡುವ ಭರವಸೆಯೇ ಶ್ರದ್ಧೆ. ಆ ಭರವಸೆಯನ್ನಾದರೋ ಮನುಷ್ಯನು ಮೊದಲು ಕಲಿಯುವುದು ಪಕ್ಕದಲ್ಲಿ ನಿಂತ ಗೆಳೆಯನಿಂದಲೇ.