ಗಟಾರದ ಮುಚ್ಚಳ ಯಾರ ಹೊಣೆ?



ಧರ್ಮ-ಅಧರ್ಮದ ಪ್ರಶ್ನೆಗಳು ದೊಡ್ಡ ಸಂದರ್ಭಗಳಲ್ಲಿ ಮಾತ್ರ ಎದುರಾಗುತ್ತವೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆಸ್ತಿಯ ಪಾಲು, ಸಾಲದ ಮಾತು, ಕೊಟ್ಟ ವಚನ ಇಂಥವುಗಳಲ್ಲಿ ನಮ್ಮ ಮನಸ್ಸು ಎಚ್ಚರವಾಗಿರುತ್ತದೆ. ಆದರೆ ಮನೆಯ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಸಿಗುವ ಗಟಾರದಲ್ಲಿಯೂ ಒಂದು ಧರ್ಮದ ಪ್ರಶ್ನೆ ಇದೆ. ಅದರ ಮೇಲಿನ ಫರಸಿಯೊಂದು ಒಡೆದುಹೋದರೆ, ಅದನ್ನು ಮುಚ್ಚಬೇಕಾದವರು ಯಾರು? ಸರಕಾರವೇ, ಪಂಚಾಯಿತಿಯೇ, ಅಥವಾ ಆ ಮನೆಯವರೇ?

ಇದಕ್ಕೆ ಉತ್ತರ ಹುಡುಕುವ ಮೊದಲು ಮುಚ್ಚಳ ಯಾರಿಗಾಗಿ ಇದೆ ಎಂಬುದನ್ನು ತಿಳಿಯಬೇಕು. ಅದು ಮನೆಯ ಯಜಮಾನನಿಗಾಗಿ ಇರುವುದಿಲ್ಲ. ತನ್ನ ಬಾಗಿಲ ಮುಂದಿನ ಕುಣಿ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಕತ್ತಲಲ್ಲಿಯೂ ಅದನ್ನು ದಾಟಿ ಹೋಗುತ್ತಾನೆ. ಮುಚ್ಚಳ ಇರುವುದು ಆ ಕುಣಿಯನ್ನು ಅರಿಯದವರಿಗಾಗಿ. ಪರಊರಿನಿಂದ ಬಂದ ಬೀಗರು, ಆಟದ ಭರದಲ್ಲಿ ಓಡುವ ಮಕ್ಕಳು, ಕಣ್ಣು ಮಂದವಾದ ಮುದುಕರು, ಸಂತೆಯಿಂದ ರಾತ್ರಿ ಹಿಂದಿರುಗುವ ಎತ್ತುಗಳು, ಇವರಿಗಾಗಿ. ಅನ್ನ ನೀಡುವಾಗ ಉಣ್ಣುವವನ ಮುಖ ಕಾಣುತ್ತದೆ, ಅವನ ಸಂತೋಷವೂ ಕಾಣುತ್ತದೆ. ಮುಚ್ಚಳ ಹಾಕಿದವನಿಗೆ ತಾನು ಯಾರನ್ನು ಕಾಪಾಡಿದೆ ಎಂಬುದು ಎಂದೂ ತಿಳಿಯುವುದಿಲ್ಲ. ಬೀಳದೆ ಹೋದವನು ಕೃತಜ್ಞತೆ ಹೇಳಲಾರ. ಹೊಗಳಿಕೆಯೇ ಇಲ್ಲದ ಕೆಲಸವಾದ್ದರಿಂದ ನಾವು ಅದನ್ನು ಮುಂದೂಡುತ್ತೇವೆ. 12ನೆಯ ಶತಮಾನದಲ್ಲಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕಟ್ಟಿಸಿದ ಕೆರೆಯನ್ನು ಸೋಲಾಪುರದಲ್ಲಿ ಇಂದಿಗೂ ಜನ ಕಂಡು ಕೈಮುಗಿಯುತ್ತಾರೆ. ಗಟಾರದ ಮೇಲೆ ಕಲ್ಲು ಹಾಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಎರಡೂ ಜನರ ಹಿತಕ್ಕಾಗಿ ಮಾಡಿದ ನೀರಿನ ಕೆಲಸಗಳೇ ಅಲ್ಲವೇ?

ಈ ವಿದ್ಯೆ ಹೊಸದೇನೂ ಅಲ್ಲ. ಸುಮಾರು 4500 ವರ್ಷಗಳ ಹಿಂದೆ ಮೊಹೆಂಜೊದಾರೊ ಪಟ್ಟಣದ ಬೀದಿಗಳಲ್ಲಿ ಇಟ್ಟಿಗೆಯ ಗಟಾರಗಳಿದ್ದವು. ಅವುಗಳ ಮೇಲೆ ಇಟ್ಟಿಗೆ ಅಥವಾ ಕಲ್ಲಿನ ಚಪ್ಪಡಿ ಹಾಸಿರುತ್ತಿದ್ದರು. ಹೂಳು ತೆಗೆಯಬೇಕಾದಾಗ ಅವನ್ನು ಎತ್ತಬಹುದಾಗಿತ್ತು. ಮುಚ್ಚಳದ ಎರಡು ಗುಣಗಳು ಇದರಲ್ಲಿಯೇ ಇವೆ: ಭಾರ ಹೊರಬೇಕು, ಬೇಕಾದಾಗ ಏಳಬೇಕು. ಇಂದು ಸಿದ್ಧ ಕಾಂಕ್ರೀಟಿನ ಮುಚ್ಚಳಗಳಿಗೆ ಭಾರತೀಯ ಮಾನಕದಲ್ಲಿ ನಾಲ್ಕು ದರ್ಜೆಗಳಿವೆ: 2.5 ಟನ್, 10 ಟನ್, 20 ಟನ್, 35 ಟನ್. ಜನ ಓಡಾಡುವ ಕಡೆಗೆ ಹಗುರವಾದದ್ದು ಸಾಕು. ಕಬ್ಬಿನ ಟ್ರ್ಯಾಕ್ಟರ್, ಲಾರಿ ಹಾಯುವ ದಾರಿಗೆ ಅದನ್ನು ಹಾಕಿದರೆ ಮುಚ್ಚಿದಂತೆ ಕಾಣುತ್ತದೆ, ಮುಚ್ಚಿದಂತೆ ಆಗುವುದಿಲ್ಲ. ಮ್ಯಾನ್‌ಹೋಲಿನ ಮುಚ್ಚಳ ದುಂಡಗಿರುವುದಕ್ಕೂ ಕಾರಣವಿದೆ. ಚೌಕ ಮುಚ್ಚಳವನ್ನು ಓರೆ ಮಾಡಿದರೆ ಅದು ತನ್ನ ಬಾಯಿಯೊಳಗೇ ಬೀಳಬಹುದು. ದುಂಡನೆಯದು ಹೇಗೆ ತಿರುಗಿಸಿದರೂ ಬೀಳುವುದಿಲ್ಲ.

ಇನ್ನು ನಮ್ಮ ತಪ್ಪುಗಳನ್ನು ನೋಡೋಣ. ಮುಚ್ಚಳವೇ ಇಲ್ಲದಿರುವುದು ಒಂದು ತಪ್ಪಾದರೆ, ಏಳದಂತೆ ಮುಚ್ಚಿಬಿಡುವುದು ಇನ್ನೊಂದು. ನಮ್ಮ ಪೇಟೆಗಳಲ್ಲಿ ಅಂಗಡಿಯ ಮುಂದಿನ ಗಟಾರಕ್ಕೆ ಉದ್ದಕ್ಕೂ ಶಹಾಬಾದ ಫರಸಿ ಹಾಕಿ, ಸಿಮೆಂಟಿನಿಂದ ಗಟ್ಟಿ ಮಾಡಿ, ಮೇಲೆ ಸಾಮಾನು ಇಡುವ ರೂಢಿ ಇದೆ. ಗಿರಾಕಿಯ ಕಾಲಿಗೆ ಅನುಕೂಲವಾಯಿತು, ಸರಿ. ಆದರೆ ಒಳಗೆ ಹೂಳು ತುಂಬಿದರೆ ತೆಗೆಯುವುದು ಹೇಗೆ? ನಿಂತ ಕೊಳಚೆಯಲ್ಲಿ ಆನೆಕಾಲು ರೋಗ ಹರಡುವ ಸೊಳ್ಳೆ ಬೆಳೆಯುತ್ತದೆ. ಸೋಲಾಪುರ, ಕಲಬುರಗಿ ಸೀಮೆಗೆ ಆ ರೋಗದ ಪರಿಚಯ ಚೆನ್ನಾಗಿಯೇ ಇದೆ. ಮಳೆ ಬಂದಾಗ ನಮ್ಮ ಅಂಗಡಿಯ ಮುಂದೆ ತಡೆದ ನೀರು ಮೇಲಿನ ಓಣಿಯ ಬಡವನ ಮನೆಗೆ ನುಗ್ಗುತ್ತದೆ. ನಮ್ಮ ಅನುಕೂಲಕ್ಕಾಗಿ ಹಾಕಿದ ಕಲ್ಲು ಇನ್ನೊಬ್ಬನಿಗೆ ಕಂಟಕವಾಗುತ್ತದೆ.

ತೆರೆಯುವುದರಲ್ಲಿಯೂ ಧರ್ಮವಿದೆ. 2017ರ ಆಗಸ್ಟ್ 29ರಂದು ಮುಂಬಯಿಯಲ್ಲಿ ಭಾರಿ ಮಳೆ ಸುರಿದು ರಸ್ತೆಗಳೆಲ್ಲ ಕೆರೆಯಾದವು. ಹೆಸರಾಂತ ವೈದ್ಯರೊಬ್ಬರು ವಾಹನ ಮುಂದೆ ಹೋಗದೆ ಇಳಿದು, ಕೊಡೆ ಹಿಡಿದು ಮನೆಯತ್ತ ನಡೆದರು. ನೀರಿನ ಕೆಳಗೆ ಮ್ಯಾನ್‌ಹೋಲ್ ಒಂದು ತೆರೆದಿತ್ತು. ಎರಡು ದಿನಗಳ ನಂತರ ಅವರ ದೇಹ ವರ್ಳಿಯ ಬಳಿ ಸಿಕ್ಕಿತು. ಮುಚ್ಚಳ ತೆಗೆದ ಆರೋಪದ ಮೇಲೆ ಪೊಲೀಸರು ಆ ಭಾಗದ ನಾಲ್ವರು ನಿವಾಸಿಗಳನ್ನು ಬಂಧಿಸಿದರು. ನಿಂತ ನೀರು ಹರಿದುಹೋಗಲಿ ಎಂದು ಅದನ್ನು ತೆಗೆಯಲಾಗಿತ್ತು.

ಇಲ್ಲಿ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಮುಚ್ಚಳ ತೆಗೆದವರು ದುಷ್ಟರೆಂದು ಹೇಳಬಹುದೇ? ಮನೆಯೊಳಗೆ ನೀರು ಏರುತ್ತಿರುವಾಗ, ಮಕ್ಕಳು ಮಂಚ ಹತ್ತಿ ಕುಳಿತಿರುವಾಗ, ಯಾರಾದರೂ ಹಾಗೆಯೇ ಮಾಡಿಯಾರು. ಅವರಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ಆದರೂ ಒಂದು ಜೀವ ಹೋಯಿತು. ಉದ್ದೇಶ ಶುದ್ಧವಾಗಿದ್ದರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ತೆರೆಯುವುದು ತಪ್ಪೋ ಸರಿಯೋ ಎಂದು ವಾದಿಸಬಹುದು. ತೆರೆದು ಹಾಗೇ ಬಿಟ್ಟುಹೋಗುವುದು ತಪ್ಪು ಎಂಬುದರಲ್ಲಿ ವಾದವಿಲ್ಲ. ಕುಣಿಯ ಬಾಯಿ ತೆರೆದವನು ಅದನ್ನು ಮುಚ್ಚುವವರೆಗೆ ಅಲ್ಲಿಯೇ ನಿಲ್ಲಬೇಕು. ನಿಲ್ಲಲಾಗದಿದ್ದರೆ ಇನ್ನೊಬ್ಬನನ್ನು ನಿಲ್ಲಿಸಬೇಕು. ಅದೂ ಆಗದಿದ್ದರೆ ತೆರೆಯಬಾರದು. ಇದು ಸಣ್ಣ ಮಾತಲ್ಲ. ಮಳೆಯಲ್ಲಿ ನೆನೆಯುತ್ತ ಒಬ್ಬರು ನಿಂತಿದ್ದರೆ ಆ ವೈದ್ಯರು ಮನೆ ಸೇರುತ್ತಿದ್ದರು.

“ಅದು ಸರಕಾರದ ಕೆಲಸ” ಎಂಬ ಮಾತೂ ಸುಳ್ಳಲ್ಲ. 2025ರ ಅಕ್ಟೋಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ರಸ್ತೆಯ ಗುಂಡಿ ಮತ್ತು ತೆರೆದ ಮ್ಯಾನ್‌ಹೋಲುಗಳಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಸಂಸ್ಥೆಗಳ ಹೊಣೆಯನ್ನು ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಗಡಿಭಾಗದಲ್ಲಿ ಕಚೇರಿಯ ಭಾಷೆ ಬೇರೆ, ನಮ್ಮ ಮನೆಮಾತು ಬೇರೆ. ಅರ್ಜಿ ಬರೆಸಲು ಇನ್ನೊಬ್ಬರನ್ನು ಹುಡುಕಬೇಕಾಗುತ್ತದೆ ಎಂಬುದು ನಿಜ. ಆದರೆ ಗಟಾರದ ಕುಣಿಗೆ ಭಾಷೆಯಿಲ್ಲ. ಅರ್ಜಿ ಕೊಟ್ಟ ದಿನದಿಂದ ಹೊಸ ಕಲ್ಲು ಬರುವ ದಿನದವರೆಗೆ ನಡುವೆ ಎಷ್ಟೋ ರಾತ್ರಿಗಳಿರುತ್ತವೆ. ಆ ರಾತ್ರಿಗಳ ಹೊಣೆ ಯಾರದು? ಕುಣಿ ಅಲ್ಲಿದೆ ಎಂದು ಬಲ್ಲವನದು. ತಿಳಿವಳಿಕೆಯೇ ಹೊಣೆಯನ್ನು ತರುತ್ತದೆ. ಅವರ ಕರ್ತವ್ಯ ಇದೆ ಎಂದು ನಮ್ಮದು ಇಲ್ಲವಾಗುವುದಿಲ್ಲ.

ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಮಾತು. ಎರಕದ ಕಬ್ಬಿಣದ ಮುಚ್ಚಳಗಳು ಗುಜರಿಯ ಆಸೆಗೆ ಕಳುವಾಗುತ್ತವೆ. ಕೊಳ್ಳುವವನಿಲ್ಲದೆ ಕಳ್ಳನಿಲ್ಲ. ತಕ್ಕಡಿಗೆ ಬಂದ ಕಬ್ಬಿಣ ಯಾವುದೆಂದು ಅದರ ಆಕಾರವೇ ಹೇಳುತ್ತದೆ. ಅರಿತೂ ಅದನ್ನು ತೂಗಿ ಹಣ ಕೊಟ್ಟವನು ಕಬ್ಬಿಣವನ್ನಷ್ಟೇ ಕೊಳ್ಳುವುದಿಲ್ಲ, ಎಲ್ಲಿಯೋ ಒಂದು ಬೀದಿಯಲ್ಲಿ ತೆರೆದ ಬಾಯಿಯನ್ನೂ ಕೊಳ್ಳುತ್ತಾನೆ. ಅಂಥ ಲಾಭ ಕಾಯಕದ ಫಲವೆನಿಸಲಾರದು.

ರೈತ ಬಂಧುಗಳು ಇದು ಪೇಟೆಯವರ ಮಾತೆಂದು ತಿಳಿಯಬಾರದು. ಹೊಲದಲ್ಲಿ ನೀರು ಬೀಳದೆ ಬಿಟ್ಟ ಕೊಳವೆಬಾವಿಯೂ ಮುಚ್ಚಳವಿಲ್ಲದ ಬಾಯಿಯೇ. ಅದನ್ನು ಭದ್ರವಾಗಿ ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ನಿರ್ದೇಶಿಸಿದೆ. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎಳೆಯ ಕಂದನೊಂದು ತನ್ನ ಮನೆಯವರದೇ ಹೊಲದ ಕೊಳವೆಬಾವಿಗೆ ಬಿದ್ದಿತು. ಸುಮಾರು 20 ಗಂಟೆಗಳ ಶ್ರಮದ ನಂತರ ಜೀವಂತವಾಗಿ ಹೊರಬಂದದ್ದು ಪುಣ್ಯ. ಅರಿಯದವರು ಎಂದರೆ ದಾರಿಹೋಕರೇ ಆಗಬೇಕೆಂದಿಲ್ಲ. ನಮ್ಮ ಕೂಸೇ ಆಗಿರಬಹುದು.

ಆದ್ದರಿಂದ ಮಿರಗದ ಮಳೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದಿನ ಗಟಾರವನ್ನು ಒಮ್ಮೆ ನೋಡಬೇಕು. ಫರಸಿಗಳನ್ನು ಇಬ್ಬರು ಎತ್ತಬಹುದಾದಷ್ಟು ಗಾತ್ರದಲ್ಲಿ ಬಿಡಿಬಿಡಿಯಾಗಿ ಹಾಸಬೇಕು, ಸಿಮೆಂಟಿನಿಂದ ಬಿಗಿಯಬಾರದು. ಮಳೆನೀರು ಇಳಿಯಲು ಜಾಳಿಗೆ ಹಾಕಿದರೆ ಅದರ ಸರಳುಗಳು ದಾರಿಗೆ ಅಡ್ಡವಾಗಿರಲಿ. ಉದ್ದಕ್ಕೆ ಇದ್ದರೆ ಸೈಕಲ್ಲಿನ ಗಾಲಿ ಸಿಕ್ಕಿಕೊಳ್ಳುತ್ತದೆ. ಒಡೆದ ಕಲ್ಲು ಬದಲಾಗುವವರೆಗೆ ಅಲ್ಲಿ ಒಂದು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು, ರಾತ್ರಿ ಒಂದು ದೀಪ ಹಚ್ಚಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ನಾವು ಎಂದೂ ಕಾಣದ ಒಬ್ಬನು ಆ ದಾರಿಯಲ್ಲಿ ಬಂದು, ಏನೂ ಆಗದೆ, ತನ್ನ ಪಾಡಿಗೆ ತಾನು ಮನೆ ಸೇರಿದರೆ ಆ ಕೆಲಸ ಸಾರ್ಥಕವಾಯಿತು.